ಬೊಂಡಾಸ ಸುಟ್ಟ ಭಾನುವಾರ

ನಮ್ಮ ಮನೆಯಲ್ಲಿ ಮಾಂಸದಡುಗೆ ಗಂಡಸರದು. ಒಳಗಿನ ಒಲೆಗೆ ಅದರ ವಾಸನೆಯೂ ತಾಗಬಾರದೆಂದು ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸುತ್ತಿದ್ದ. ಹೆಂಗಸರು ಖಾರ ಅರೆದು ರೊಟ್ಟಿ ಬಡಿದರೆ ಮುಗಿಯಿತು. ಸೊಸೆಯಾದವಳು ಮಾವನೆದುರು ಬಾಯಿ ಬಿಡಬಾರದೆಂಬುದು ಇನ್ನೊಂದು ಕಟ್ಟಳೆ. ಇದನ್ನು ಮಾಡಿದವರು ಸೊಸೆಯಾಗಿದ್ದವರಂತೂ ಅಲ್ಲ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ ಅಣ್ಣ, ಮಂಗಳೂರು ಹೆಂಚು ತರುವ ಲಾರಿ ಡ್ರೈವರೊಬ್ಬನ ಸ್ನೇಹವಾಗಿ, ಅವನ ತಂಗಿಯನ್ನೇ ಮದುವೆಯಾಗಿ ಹರಿಹರಕ್ಕೆ ಕರೆತಂದಿದ್ದ. ಸಮುದ್ರದ ಊರಿನ ಅತ್ತಿಗೆ ನಮ್ಮಲ್ಲಿಗೆ ಬಂದು ಸೊರಗಿದಳು. ಜೋಳದ ರೊಟ್ಟಿ ಒಗ್ಗಲಿಲ್ಲವೆಂದು ಎಲ್ಲರೂ ತಿಳಿದೆವು.

ಮಳೆಗಾಲ ಕಳೆದ ಒಂದು ಭಾನುವಾರ ಬೆಳಿಗ್ಗೆ ಅವಳಣ್ಣ ಬಂದ. ಮರದ ಹೊಟ್ಟು, ಮಂಜುಗಡ್ಡೆ ತುಂಬಿದ ಡಬ್ಬದಲ್ಲಿ ಬೊಂಡಾಸವೆಂಬ ಕಡಲಮೀನು ತಂದಿದ್ದ. ಮೂಳೆಯಿಲ್ಲದ, ಮುಖದ ತುಂಬ ಕಾಲಿರುವ ಅದನ್ನು ಮೀನೆಂದು ನಂಬುವುದು ತುಂಗಭದ್ರೆಯ ಮೀನು ತಿಂದ ನಮಗೆ ಕಷ್ಟವಾಯಿತು. ತಂಗಿಯ ಮುಖ ನೋಡಿದವನೇ, ಸಂಜೆ ಊರಿಗೆ ಕರೆದೊಯ್ಯುತ್ತೇನೆಂದು ಅವ್ವನಿಗೆ ಹೇಳಿಬಿಟ್ಟ. ಎಷ್ಟು ದಿನಕ್ಕೆಂದು ಕೇಳಿದರೆ, ಮೊದಲು ಇವಳು ಮೈಗೂಡಲಿ ಎಂದ. ಅಣ್ಣನ ಮುಖ ಇಳಿದುಹೋಯಿತು. ನನಗೂ ಅವಳು ಹೋಗುವುದು ಬೇಡವಾಗಿತ್ತು. ನನ್ನ ಜೊತೆ ಕೂತು ತಲೆ ಬಾಚುವವಳು ಅವಳೊಬ್ಬಳೇ.

ನಮಗಾರಿಗೂ ಅದನ್ನು ಹಸನು ಮಾಡಲು ಬಾರದ್ದರಿಂದ ಅತ್ತಿಗೆಯೇ ಕೂತಳು. ಬಚ್ಚಲ ಕಲ್ಲಿನ ಮೇಲೆ ಬೊಂಡಾಸದ ತಲೆ ಹಿಡಿದೆಳೆದರೆ ಕರುಳೆಲ್ಲ ಜೊತೆಗೇ ಬರುತ್ತಿತ್ತು. ಗಾಜಿನಂಥ ಕಡ್ಡಿ ತೆಗೆದು, ಸಿಪ್ಪೆ ಸುಲಿದರೆ ಮೈ ಬೆಳ್ಳಗೆ. ಅದರ ಒಡಲಲ್ಲಿ ಹುಟ್ಟಿನಿಂದಲೇ ಇರುವ ಮಸಿಯ ಚೀಲ ಒಂದರಲ್ಲಿ ಒಡೆದು ಕರ್ರಗೆ ಹರಿದಾಗ, ಕೆಟ್ಟುಹೋಗಿದೆ ಎಂದು ಅವ್ವ ಮೂಗು ಮುಚ್ಚಿದಳು. ಮದುವೆಯಾಗಿ ಬಂದಮೇಲೆ ಅತ್ತಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದು ಸವರಿದೆವು. ಮುಂದಿನದು ಅಪ್ಪನ ದರ್ಬಾರು.

ಕೆಂಡದ ಮೇಲೆ ಜಾಲರಿ ಇಟ್ಟು, ಕುರಿಮಾಂಸದ ಲೆಕ್ಕದಲ್ಲಿ ಅಪ್ಪ ಬೀಡಿ ಸೇದುತ್ತಾ ಕಾದ. ಮೊದಲ ತುಂಡು ಬಾಯಿಗಿಟ್ಟು ಅಗಿದೇ ಅಗಿದ. ಇನ್ನೂ ಬೆಂದಿಲ್ಲವೆಂದು ಮಿಕ್ಕವನ್ನು ತಿರುಗಿ ಬೆಂಕಿಗೇ ಹಾಕಿದ. ಅವು ಗಟ್ಟಿಯಾದಷ್ಟೂ ಇವನು ಬೇಯಿಸಿದ. ಅವಳಣ್ಣ ಬೀಗರ ಮುಂದೆ ಏನೂ ಅನ್ನಲಾರದೆ ನೆಲ ನೋಡುತ್ತಿದ್ದ. ಅಪ್ಪ ಇನ್ನಷ್ಟು ಹಸಿ ತುಂಡು ಹರಡಿದ. ಅವು ಬಿಳುಚಿ ಮುದುರಿಕೊಂಡವು. ಬಾಗಿಲ ಹಿಂದಿದ್ದ ಅತ್ತಿಗೆ ಈಚೆ ಬಂದಳು.

"ಮಾವ, ಈಗ್ಲೇ ತೆಗೀರಿ. ಇನ್ನು ಬಿಟ್ರೆ ರಬ್ಬರ್ ಆಗ್ತದೆ."

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ಸೊಸೆಯನ್ನೇ ನೋಡುತ್ತಾ ಕೂತ. ಅಷ್ಟರಲ್ಲಿ ಆ ತುಂಡುಗಳೂ ಹಾಳಾದವು. ಆಮೇಲೆ ಮಣೆ ಬಿಟ್ಟೆದ್ದು ಇಕ್ಕಳ ನೀಡಿದ.

"ಹಂಗಾದ್ರ ನೀನ ಕೂಡ್ರವ್ವ. ನನಗ ಇದರ ಹದ ತಿಳೀವಲ್ದು."

ಉಳಿದದ್ದನ್ನು ಅವಳು ಸುಟ್ಟಳು. ಹಾಕಿದ್ದೇ ತಡ, ತಿರುವಿ ತೆಗೆದಳು. ಮೆತ್ತಗೆ, ಒಂಚೂರು ಸಿಹಿ. ಅಪ್ಪ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದು ತಟ್ಟೆಯನ್ನು ಮತ್ತೆ ಮುಂದೆ ಮಾಡಿದ. ಬಟ್ಟಲು ಖಾಲಿಯಾಗಿತ್ತು. ಅವಳು ಸೊರಗಿದ್ದು ರೊಟ್ಟಿಯಿಂದಲ್ಲ, ಮಾತಿಲ್ಲದೆ ಎಂದು ನನಗೆ ಹೊಳೆದದ್ದು ಅವತ್ತೇ.

ಸಂಜೆ ಅವಳಣ್ಣ, ಬಟ್ಟೆ ಕಟ್ಟಿಕೊಂಡೆಯಾ ಎಂದು ಕೇಳಿದ. ಅತ್ತಿಗೆ ಹಿತ್ತಲಲ್ಲಿದ್ದ ಅಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಇಲ್ಲ. ಮುಂದಿನ ಸಲ ಜಾಸ್ತಿ ತಾ. ಮಾವನಿಗೆ ಸಾಕಾಗ್ಲಿಲ್ಲ."