ಅಜ್ಜಿ ಹತ್ತದ ಲಿಫ್ಟ್

ನಿಪ್ಪಾಣಿಯಿಂದ ಅಥಣಿವರೆಗೆ ಎಲ್ಲೇ ಹೊಸ ಲಿಫ್ಟ್ ಬರಲಿ, ಹೋಗಿ ವಿಡಿಯೊ ಮಾಡುವುದು ನನ್ನ ಹುಚ್ಚು. ನಗುವವರು ನಗಲಿ. ಒಮ್ಮೆ ಅಜ್ಜಿಯ ಜೊತೆ ಮನೆ ಹತ್ತಿರದ ಹೊಸ ಆಸ್ಪತ್ರೆಗೆ, ನಾಲ್ಕನೇ ಮಹಡಿಯಲ್ಲಿದ್ದ ಬೀಗರನ್ನು ನೋಡಲು ನಡೆದು ಹೋದೆ. ಅಜ್ಜಿ ಬಸದಿಯಲ್ಲಿ ಚಾತುರ್ಮಾಸದ ವ್ರತ ಹಿಡಿದಿದ್ದಳು. ನಾಲ್ಕು ತಿಂಗಳು ವಾಹನ ಹತ್ತುವಂತಿಲ್ಲ. ಲಿಫ್ಟ್ ಮುಂದೆ ನಿಂತುಬಿಟ್ಟಳು.

“ಆಯಿ, ಇದಕ್ಕ ಗಾಲಿ ಎಲ್ಲಿ ಅದಾವ?” ಅಜ್ಜಿಯನ್ನು ಕೇಳಿದೆ.

“ನಿಂತ ಮನಷ್ಯಾನ್ನ ಒಯ್ತೈತಿಲ್ಲ? ಅಂದಮ್ಯಾಲ ವಾಹನನ.”

ಅವಳು ಮೆಟ್ಟಿಲು ಹಿಡಿದಳು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುವುದನ್ನು ಚಿತ್ರೀಕರಿಸಲೆಂದು ನಾನು ಒಳಗೆ ಎಲ್ಲ ಗುಂಡಿಗಳನ್ನೂ ಒತ್ತಿದೆ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದರೆ, ಕ್ಯಾಮೆರಾದ ಎದುರಿಗೇ ಅಜ್ಜಿ ಬೆಂಚಿನ ಮೇಲೆ ಆರಾಮಾಗಿ ಕುಳಿತಿದ್ದಳು.

“ಬಂದ್ಯಾ? ರಾಯಬಾಗದ ಬಸ್ಸೂ ಇಷ್ಟ ಕಡೆ ನಿಲ್ಲೂದಿಲ್ಲ ಬಿಡು.”