ಸತ್ತಿಯ ಕೆಂಪು ಬಾಲದ ಮೀನು

2021ರ ಆರಂಭದಲ್ಲಿ ನಾನು ಅಥಣಿ ತಾಲ್ಲೂಕಿನಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕಿಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಬಲೆ, ದೋಣಿ, ಲೈಸೆನ್ಸು, ಮೀನುಮರಿ ಎನ್ನುತ್ತ ದಿನಗಳು ಕಳೆಯುತ್ತಿದ್ದವು. ಅಷ್ಟು ವರ್ಷಗಳ ನೌಕರಿಯಲ್ಲಿ ಮಹಾಪೂರ ನೋಡಿದ್ದೇನೆ, ಕೆರೆಯ ಮೀನುಗಳೆಲ್ಲ ಒಂದೇ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲಿದ್ದನ್ನೂ ನೋಡಿದ್ದೇನೆ. ಆದರೂ ಮರೆಯಲಾಗದ ಪ್ರಕರಣ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ಹೋಗುವುದು ಸತ್ತಿ ಊರಿನ ಒಂದು ಮನೆಗೆ.

ಆ ದಿನ ಸತ್ತಿಯಲ್ಲಿ ಮೀನುಗಾರರ ಸಭೆ ಇತ್ತು. ಸಭೆ ಮುಗಿದ ಮೇಲೆ ಬಿಳಿ ಟೋಪಿಯ, ಐವತ್ತು ದಾಟಿದ ಒಬ್ಬ ರೈತ ನನ್ನ ಜೀಪಿನ ಹತ್ತಿರ ಬಂದು ನಿಂತ. ಹೆಸರು ಪದ್ಮಣ್ಣ, ಜೈನರು, ಊರ ಅಂಚಿಗೆ ಕಬ್ಬಿನ ಹೊಲ. ಮೀನು ತಿನ್ನದ, ಹಿಡಿಯದ ಮನೆತನದವನಿಗೆ ನಮ್ಮ ಸಭೆಯಲ್ಲಿ ಏನು ಕೆಲಸ ಎಂದು ನನಗೆ ಆಶ್ಚರ್ಯವಾಯಿತು.

"ಮೇಡಂರಿ, ನಮ್ಮ ಮನ್ಯಾಗೂ ಒಂದ ಮೀನ ಐತ್ರಿ," ಎಂದ. "ಒಂದ ಸಲ ಬಂದ ನೋಡ್ರಿ. ಅದು ಬೆಳಿಯೂದ ನಿಂದ್ರವಲ್ದು."

ಅವನ ಮನೆಯ ಗೋಡೆಯ ಮೇಲೆ 2019ರ ಮಹಾಪೂರದ ಗುರುತು ಇನ್ನೂ ಇತ್ತು. ನನ್ನ ಎದೆಯ ಎತ್ತರಕ್ಕೆ ಕೆಂಪು ಗೆರೆ. ಪಡಸಾಲೆಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಗೋಡೆಗೆ ತಾಗಿಸಿ ಇಟ್ಟ ಅಕ್ವೇರಿಯಂ. ಅದರಲ್ಲಿ ಗಿಡಗಳಿರಲಿಲ್ಲ, ಕಲ್ಲುಗಳಿರಲಿಲ್ಲ, ಬೇರೆ ಮೀನುಗಳೂ ಇರಲಿಲ್ಲ. ಒಂದೇ ಒಂದು ಮೀನು ತಳಕ್ಕೆ ಅಂಟಿಕೊಂಡು ಮಲಗಿತ್ತು. ಚಪ್ಪಟೆಯಾದ ಅಗಲ ತಲೆ, ಕಪ್ಪು ಬೆನ್ನು, ಪಕ್ಕೆಯಲ್ಲಿ ಬಿಳಿಯ ಪಟ್ಟೆ, ಕುಂಕುಮದಂಥ ಕೆಂಪು ಬಾಲ. ಬಾಲ ಒಂದು ಕಡೆಯ ಗಾಜಿಗೆ ತಾಗಿದ್ದರೆ ಮೂತಿ ಇನ್ನೊಂದು ಕಡೆಯ ಗಾಜಿಗೆ ತಾಗುವುದರಲ್ಲಿತ್ತು. ಮೀಸೆಗಳ ತುದಿ ಗಾಜಿಗೆ ಉಜ್ಜಿ ಸವೆದಿತ್ತು. ನಾವು ಹತ್ತಿರ ಹೋದಾಗ ಅದು ತಿರುಗಲು ನೋಡಿತು. ಮೈಯನ್ನು ಮಡಚಿ, ಬಾಲವನ್ನು ತಲೆಯ ಹತ್ತಿರಕ್ಕೆ ತಂದು ತಿರುಗಬೇಕಾಯಿತು. ಆಗ ಗಾಜು ಕಿರುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅದು ರೆಡ್ ಟೇಲ್ ಕ್ಯಾಟ್‌ಫಿಶ್. ದಕ್ಷಿಣ ಅಮೆರಿಕದ ದೊಡ್ಡ ನದಿಗಳ ಮೀಸೆ ಮೀನು. ಅಂಗಡಿಯಲ್ಲಿ ಕೊಳ್ಳುವಾಗ ಬೆರಳುದ್ದ ಇರುತ್ತದೆ, ನೋಡಲು ಆಟಿಕೆಯಂತೆ ಚೆಂದ. ಪೂರ್ತಿ ಬೆಳೆದರೆ ನಾಲ್ಕು ಅಡಿ ಮುಟ್ಟುತ್ತದೆ. ಬಾಯಿಗೆ ಹಿಡಿಸುವ ಯಾವ ಜೀವವನ್ನೂ ಇಡಿಯಾಗಿ ನುಂಗುತ್ತದೆ.

ಮೀನು ಆ ಮನೆಗೆ ಬಂದ ಕಥೆಯನ್ನು ಪದ್ಮಣ್ಣ ಚಹಾ ಕುಡಿಯುತ್ತ ಹೇಳಿದ. ಮಹಾಪೂರ ಬಂದಾಗ ಕೊಟ್ಟಿಗೆಯ ದಾವಣಿ ಹಗ್ಗಕ್ಕೆ ಕಟ್ಟಿದ್ದ ಎರಡು ಎಮ್ಮೆಗಳನ್ನು ಬಿಚ್ಚಲು ಅವನಿಗೆ ಆಗಿರಲಿಲ್ಲ. ನೀರು ಇಳಿದ ಮೇಲೆ ಅವು ಹಗ್ಗದ ತುದಿಯಲ್ಲಿ ಹಾಗೆಯೇ ಇದ್ದವು. ಆಮೇಲೆ ಅವನಿಗೆ ಹೃದಯದ ತೊಂದರೆ ಶುರುವಾಯಿತು. ನಿದ್ದೆ ಹೋಯಿತು. ಮೀರಜಿನ ಡಾಕ್ಟರು ಮನಸ್ಸು ಶಾಂತವಾಗಿಡಬೇಕು ಎಂದರು. ಅದೇ ಊರಿನ ಅಕ್ವೇರಿಯಂ ಅಂಗಡಿಯೊಂದರಲ್ಲಿ ಮೀನುಗಳನ್ನು ನೋಡುತ್ತ ನಿಂತಾಗ ಎದೆಯ ಭಾರ ಇಳಿದಂತಾಗಿ ಈ ಮರಿಯನ್ನು ಕೊಂಡನಂತೆ. ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಇದು ಅಕ್ವೇರಿಯಂ ವ್ಯಾಪಾರದ ಅತಿ ಹಳೆಯ ಸುಳ್ಳು. ತೊಟ್ಟಿ ಚಿಕ್ಕದಾದರೆ ಮೀನು ಚಿಕ್ಕದಾಗಿ ಉಳಿಯುವುದಿಲ್ಲ. ಬೆನ್ನು ಡೊಂಕಾಗಿ, ಕೊಳೆತ ನೀರಿನಲ್ಲಿ ನರಳಿ, ಬೇಗ ಸಾಯುತ್ತದೆ.

ಲಾಕ್‌ಡೌನ್ ಕಾಲದಲ್ಲಿ ಹೊರಗೆ ಹೋಗುವಂತಿರಲಿಲ್ಲ. ಮೀನಿಗೆ ರಾಜಾ ಎಂದು ಹೆಸರಿಟ್ಟು ಪದ್ಮಣ್ಣ ದಿನವಿಡೀ ಅದರ ಮುಂದೆ ಕೂರುತ್ತಿದ್ದ. ಅದೂ ಅವನನ್ನು ಗುರುತಿಸುತ್ತಿತ್ತು, ಬೆರಳು ಅದ್ದಿದರೆ ಮೇಲೆ ಬರುತ್ತಿತ್ತು. ಆದರೆ ಜೊತೆಗೆ ತಂದಿದ್ದ ಚಿಕ್ಕ ಕಿತ್ತಳೆ ಬಣ್ಣದ ಮೀನುಗಳು ಒಂದೊಂದಾಗಿ ಇಲ್ಲವಾದವು. ಸತ್ತು ತೇಲಲಿಲ್ಲ, ಹೊರಗೆ ಜಿಗಿದು ಬೀಳಲಿಲ್ಲ. ಪದ್ಮಣ್ಣ ಬೆಕ್ಕಿನ ಮೇಲೆ ಸಂಶಯಪಟ್ಟು ಮುಚ್ಚಳ ಮಾಡಿಸಿದ. ಮುಚ್ಚಳ ಹಾಕಿದ ಮೇಲೂ ಅವು ಕಡಿಮೆಯಾಗುತ್ತಲೇ ಹೋದವು.

ನಿಜ ಕಂಡವರು ಅವನ ತಾಯಿ ಚಂಪಾಬಾಯಿ. ಎಂಬತ್ತರ ಹತ್ತಿರದ ಹಿರಿಯರು. ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ, ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವರಲ್ಲ. ಒಂದು ಮುಂಜಾನೆ ರಾಜಾನ ಬಾಯಿಯಿಂದ ಕಿತ್ತಳೆ ಬಣ್ಣದ ಬಾಲವೊಂದು ಹೊರಗೆ ಚಾಚಿ ಇನ್ನೂ ಅಲುಗುತ್ತಿರುವುದನ್ನು ಅವರು ನೋಡಿದರು. ಅವತ್ತಿನಿಂದ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕುಳಿತುಕೊಳ್ಳತೊಡಗಿದರು. ನಾನು ಹೋದಾಗಲೂ ಹಾಗೆಯೇ, ನಮಗೆ ಬೆನ್ನು ಮಾಡಿ ಕುಳಿತಿದ್ದರು.

ಪದ್ಮಣ್ಣ ಮೀನಿಗೆ ಹಾಕುತ್ತಿದ್ದ ಕಾಳಿನಂಥ ಆಹಾರದ ಪಾಕೀಟು ತಂದು, ಇದರಲ್ಲಿ ಏನಿರುತ್ತದೆ ಎಂದು ಕೇಳಿದ. ನಾನು ಓದಿ ನೋಡಿದೆ. ಮುಖ್ಯವಾಗಿ ಫಿಶ್ ಮೀಲ್, ಅಂದರೆ ಸಮುದ್ರದ ಮೀನನ್ನು ಒಣಗಿಸಿ ಮಾಡಿದ ಪುಡಿ. ಹೇಳದೆ ವಿಧಿ ಇರಲಿಲ್ಲ, ಹೇಳಿದೆ. ಅವನು ಪಾಕೀಟನ್ನು ಒಯ್ದು ಅಂಗಳದ ಆಚೆ ಇಟ್ಟು ಬಂದು ಕೈ ತೊಳೆದುಕೊಂಡ.

ಗಾಜು ಹೆಚ್ಚು ದಿನ ತಾಳುವುದಿಲ್ಲ, ಮೂಲೆಯ ಸಿಲಿಕೋನ್ ಅಂಟಿನ ಬೆಸುಗೆ ಆಗಲೇ ಜಿನುಗುತ್ತಿದೆ ಎಂದು ತೋರಿಸಿದೆ. ಹಾಗಾದರೆ ನದಿಗೆ ಬಿಡುತ್ತೇನೆ, ನದಿ ದೊಡ್ಡದಿದೆಯಲ್ಲ ಎಂದ. ಹೊರದೇಶದ ಮೀನನ್ನು ನದಿಗೆ ಬಿಡಲೇಬಾರದು ಎಂದು ತಿಳಿಸಿ ಹೇಳಿದೆ. ಆಫ್ರಿಕದ ಮೀಸೆ ಮೀನು ನಿಷೇಧವಿದ್ದೂ ನಮ್ಮ ನೀರಿಗೆ ಸೇರಿಹೋದ ಕಥೆ ನನಗೆ ಗೊತ್ತಿತ್ತು. ಊರ ಬಲೆಯವರು ಕೃಷ್ಣೆಯ ಸಣ್ಣ ಮೀನನ್ನೇ ನಂಬಿ ಬದುಕುವವರು. ಈ ಬಾಯಿ ಅದರೊಳಗೆ ಇಳಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾದ ಮೇಲೆ ಮರಳಿ ಹಿಡಿಯಲು ಬರುವುದಿಲ್ಲ.

ಪದ್ಮಣ್ಣ ಒಪ್ಪಿದ. ಹಿತ್ತಲಿನಲ್ಲಿ ದೊಡ್ಡ ಸಿಮೆಂಟಿನ ನೀರಿನ ಟಾಕಿ ಕಟ್ಟಿಸಿ ಮೀನನ್ನು ಅಲ್ಲಿಗೆ ಸಾಗಿಸಿದ. ನಾನು ದೂರದೂರದ ಸಾರ್ವಜನಿಕ ಅಕ್ವೇರಿಯಂಗಳಿಗೆ, ಮೃಗಾಲಯಗಳಿಗೆ ಫೋನು ಮಾಡಿದೆ. ಎಲ್ಲ ಕಡೆಯೂ ಒಂದೇ ಉತ್ತರ: ಇಂಥವು ಬೇಕಾದಷ್ಟಿವೆ, ಎಲ್ಲವೂ ಯಾರದೋ ಮನೆಯಲ್ಲಿ ಬೆಳೆದು ಬಂದವು, ಜಾಗವಿಲ್ಲ. ದ್ರಾಕ್ಷಿ ಬೆಳೆಗಾರರ ಕೃಷಿಹೊಂಡಗಳನ್ನೂ ವಿಚಾರಿಸಿದೆವು. ಅವು ಬೇಸಿಗೆಯಲ್ಲಿ ತಳ ಕಾಣುತ್ತವೆ.

ಜೂನ್‌ನಲ್ಲಿ ಮತ್ತೆ ಆ ಕಡೆ ಹೋದಾಗ ಟಾಕಿಯ ಮೇಲೆ ಬಗ್ಗಿ ನೋಡಿ ನನ್ನ ಮನಸ್ಸು ಕೆಟ್ಟಿತು. ಮೀನಿನ ಉದ್ದ ಹಾಗೆಯೇ ಇತ್ತು, ಆದರೆ ಹೊಟ್ಟೆ ಒಳಗೆ ಹೋಗಿ ತಲೆಯೊಂದೇ ದೊಡ್ಡದಾಗಿ ಕಾಣುತ್ತಿತ್ತು. ಪಾಕೀಟಿನ ಗುಟ್ಟು ತಿಳಿದ ದಿನದಿಂದ ಅವರು ಅದನ್ನು ಹಾಕಿರಲಿಲ್ಲ. ನೆನೆಸಿದ ಕಡಲೆ, ರೊಟ್ಟಿಯ ತುಣುಕು, ಬಾಳೆಹಣ್ಣು ಹಾಕಿ ನೋಡಿದ್ದರು. ಮೀನು ಮೂಸಿ ಬಿಟ್ಟಿತ್ತು. ಟಾಕಿಯ ಗೋಡೆ ಏರಿ ಬಂದ ಕಪ್ಪೆಗಳು ಮಾತ್ರ ಒಳಗೆ ಬಿದ್ದ ಮೇಲೆ ಮರಳಿ ಕಾಣುತ್ತಿರಲಿಲ್ಲ. ಅವೂ ಬೀಳದಂತೆ ಚಂಪಾಬಾಯಿ ಟಾಕಿಯ ಮೇಲೆ ಜಾಳಿಗೆ ಹೊದಿಸಿದ್ದರು. ಇಂಥ ಮೀನುಗಳು ಉಪವಾಸದಲ್ಲಿ ಬಹಳ ಕಾಲ ಬದುಕುತ್ತವೆ. ಬೇಗ ಸಾಯುವುದಿಲ್ಲ ಎಂಬುದೇ ಅವುಗಳ ದುರದೃಷ್ಟ.

ಆಗ ನಾನು ಕೊನೆಯ ದಾರಿಯನ್ನು ಹೇಳಿದೆ. ಲವಂಗದ ಎಣ್ಣೆ. ತಾಯಿಮೀನುಗಳನ್ನು ಕೈಯಲ್ಲಿ ಹಿಡಿಯುವ ಮುಂಚೆ ಮಂಪರು ಬರಿಸಲು ನಾವು ಅದನ್ನು ಸ್ವಲ್ಪವೇ ಬಳಸುತ್ತೇವೆ. ಪ್ರಮಾಣ ಹೆಚ್ಚಿಸಿದರೆ ಮೀನು ನಿದ್ದೆಗೆ ಜಾರಿ, ಆ ನಿದ್ದೆಯಲ್ಲೇ ಕಿವಿರಿನ ಉಸಿರಾಟ ನಿಲ್ಲುತ್ತದೆ. ಚಂಪಾಬಾಯಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಯವ್ವಾ, ನಮ್ಮ ಮನ್ಯಾಗ ಅದು ಆಗೂದಲ್ಲ," ಎಂದರು. ನಾನು ಒತ್ತಾಯಿಸಲಿಲ್ಲ. ಆದರೆ ಎಣ್ಣೆಯ ಶೀಷೆಯನ್ನು ಜೀಪಿನಲ್ಲಿ ಇಟ್ಟುಕೊಂಡೇ ಇದ್ದೆ, ಏಕೆಂದರೆ ಮಳೆಗಾಲ ಎದುರಿಗಿತ್ತು, ಟಾಕಿ ಇದ್ದದ್ದು ನದಿಯ ಕಡೆಗೆ ಇಳಿಜಾರಾದ ಹಿತ್ತಲಿನಲ್ಲಿ.

ಜುಲೈ ಕೊನೆಗೆ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜಡಿಯಿತು. ಸತ್ತಿಯಲ್ಲಿ ಮಳೆಯೇ ಇಲ್ಲ, ಬಿಸಿಲು ಬಿದ್ದಿದೆ; ಆದರೂ ನೀರು ಏರುತ್ತಿದೆ. ನಮ್ಮ ಕಡೆಯ ಪೂರ ಹಾಗೆಯೇ, ಸದ್ದಿಲ್ಲದೆ ಕಬ್ಬಿನ ಸಾಲುಗಳ ನಡುವೆ ನುಸುಳಿ ಬರುತ್ತದೆ. ಜನರನ್ನು ಸಂತ್ರಸ್ತರ ಕಾಳಜಿ ಕೇಂದ್ರಕ್ಕೆ ಸಾಗಿಸುವ ಕೆಲಸಕ್ಕೆ ನಮ್ಮನ್ನೂ ಹಾಕಿದ್ದರು. ಮಧ್ಯಾಹ್ನ ಪದ್ಮಣ್ಣನ ಫೋನು ಬಂತು. ಅವನ ದನಿಯಲ್ಲಿ ಗಾಬರಿ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ಮೇಡಂರಿ, ನೀರ ಹಿತ್ತಲಕ್ಕ ಬಂತು. ನಾ ಇದನ್ನ ಬಿಟ್ಟ ಬರಂಗಿಲ್ಲ. ನಮ್ಮ ಅವ್ವನ್ನ ಕರಕೊಂಡ ಹೋಗ್ರಿ."

ಜೀಪಿನಲ್ಲಿದ್ದ ಎಣ್ಣೆಯ ಶೀಷೆಯನ್ನು ಚೀಲಕ್ಕೆ ಹಾಕಿಕೊಂಡೆ, ಅಂಬಿಗ ಮಾರುತಿಯ ದೋಣಿಯಲ್ಲಿ ಹೋದೆವು. ಅವನು ಕೃಷ್ಣೆಯಲ್ಲಿ ಬಲೆ ಬೀಸಿ ಬದುಕುವವನು. ಕಬ್ಬಿನ ಗರಿಗಳ ಮೇಲೆ ಹಾವುಗಳು ಸುತ್ತಿಕೊಂಡು ಕುಳಿತಿದ್ದವು. ಮನೆಯ ಹಿಂದೆ ಎತ್ತರದ ದನದ ಕಟ್ಟೆಯ ಮೇಲೆ ಚಂಪಾಬಾಯಿ ನಿಂತಿದ್ದರು. ಪದ್ಮಣ್ಣ ಸೊಂಟದಷ್ಟು ನೀರಿನಲ್ಲಿ ಟಾಕಿಗೆ ಎರಡೂ ಕೈ ಊರಿ ನಿಂತಿದ್ದ. ಕೆಂಪು ನೀರು ಟಾಕಿಯ ಅಂಚಿಗಿಂತ ಗೇಣಿನಷ್ಟು ಕೆಳಗಿತ್ತು. ಒಳಗಿನಿಂದ ದಪ್ ದಪ್ ಎಂಬ ಸದ್ದು ಬರುತ್ತಿತ್ತು. ಮೀಸೆ ಮೀನಿಗೆ ಮೈಯೆಲ್ಲ ನಾಲಗೆ, ನೀರಿನ ರುಚಿ ಮೀಸೆಗೂ ಚರ್ಮಕ್ಕೂ ತಿಳಿಯುತ್ತದೆ. ಎಲ್ಲೋ ಸೀಳಿನಿಂದ ಒಸರಿದ ಹೊಸ ನೀರು ಅದಕ್ಕೆ ತಲುಪಿತ್ತೆಂದು ಕಾಣುತ್ತದೆ. ಅಷ್ಟು ದಿನ ಹಸಿದು ಬಿದ್ದಿದ್ದ ಪ್ರಾಣಿ ಗೋಡೆಯನ್ನು ತಲೆಯಿಂದ ಗುದ್ದುತ್ತಿತ್ತು.

ಪದ್ಮಣ್ಣನಿಗೆ ದೋಣಿ ಹತ್ತಲು ಹೇಳಿದೆ. ಅವನು ಕದಲಲಿಲ್ಲ. ಎಮ್ಮೆಗಳನ್ನು ಕಟ್ಟಿಹಾಕಿ ಹೋಗಿ ತಪ್ಪು ಮಾಡಿದೆ, ಈಗ ಇದನ್ನು ಬಿಚ್ಚಿಬಿಟ್ಟು ಹೋದರೂ ತಪ್ಪು, ಯಾವುದನ್ನು ಮಾಡಲಿ ಎಂದು ನನ್ನನ್ನಲ್ಲ, ನೀರನ್ನು ಕೇಳಿದಂತೆ ಹೇಳುತ್ತಿದ್ದ. ಅವನ ತುಟಿಗಳು ನೀಲಿಯಾಗಿದ್ದವು. ಅವನ ಹೃದಯ ಅಲ್ಲಿಯೇ ನಿಂತುಹೋದರೆ ಎಂಬ ಭಯ ನನಗಾಯಿತು. ಒಂದು ಮೀನಿಗಾಗಿ ಮನುಷ್ಯನೊಬ್ಬ ಹೋಗುವುದು ನನ್ನ ಕಣ್ಣ ಮುಂದಿತ್ತು.

ತೀರ್ಮಾನ ಮಾಡಿದವರು ಚಂಪಾಬಾಯಿ. ಕಟ್ಟೆಯ ಅಂಚಿಗೆ ಬಂದು ನಿಂತು, ನಿಧಾನವಾಗಿ ಮಾತಾಡಿದರು.

"ಪದ್ಮಾ, ಉಪಾಸ ಕೆಡವಿದ್ದೂ ಕೊಂದಂಗನ. ಹೊಳಿಗೆ ಬಿಟ್ಟರ ಅದು ನುಂಗೂ ಒಂದೊಂದ ಜೀವಾನೂ ನಮ್ಮ ಕೊರಳಿಗೇ ಬರ್ತೈತಿ. ಯಾವ ಪಾಪ ಸಣ್ಣದಂತ ನನಗ ತಿಳೀವಲ್ದು. ಆದ್ರ ನಮ್ಮ ಪಾಪ ನಮ್ಮ ಹಿತ್ತಲದಾಗ ಮುಗೀಲಿ."

ಎಣ್ಣೆಯನ್ನು ನಾನು ಹಾಕುತ್ತೇನೆ, ಅದು ನನ್ನ ಕೆಲಸ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. "ತಂದಾಂವ ನಾನರಿ. ನಾನ ಮಾಡ್ತೀನಿ."

ಒದ್ದೆ ಗೋಣಿಚೀಲದಲ್ಲಿ ಮೀನನ್ನು ಸುತ್ತಿ, ನಾನು, ಪದ್ಮಣ್ಣ, ಮಾರುತಿ ಮೂವರೂ ಸೇರಿ ಎತ್ತಿ, ಕಟ್ಟೆಯ ಮೇಲಿದ್ದ ದನಗಳ ನೀರಿನ ಬಾನಿಗೆ ಇಳಿಸಿದೆವು. ಎಣ್ಣೆಯನ್ನು ನೀರಿನ ಶೀಷೆಯಲ್ಲಿ ಜೋರಾಗಿ ಕುಲುಕಿ ಹಾಲಿನಂತೆ ಬೆಳ್ಳಗಾಗಿಸಿ ಅವನ ಕೈಗೆ ಕೊಟ್ಟೆ. ಅವನು ಸುರಿದ. ಎಲ್ಲೆಡೆ ಲವಂಗದ ವಾಸನೆ ಹರಡಿತು. ಚಂಪಾಬಾಯಿ ಈ ಸಲ ಮುಖ ತಿರುಗಿಸಲಿಲ್ಲ; ಬಾನಿಯ ಹತ್ತಿರ ಕುಳಿತು ಜೈನರ ಣಮೋಕಾರ ಮಂತ್ರ ಹೇಳುತ್ತ ಕೊನೆಯವರೆಗೂ ನೋಡಿದರು. ಪದ್ಮಣ್ಣ ನೀರಿನಲ್ಲಿ ಬೆರಳು ಅದ್ದಿದ. ಮೀನು ಒಮ್ಮೆ ಮೇಲೆ ಬಂತು, ಸವೆದ ಮೀಸೆಯಿಂದ ಅವನ ಬೆರಳನ್ನು ಮುಟ್ಟಿತು, ಆಮೇಲೆ ಮಗ್ಗುಲಾಯಿತು. ಕಿವಿರು ಪೂರ್ತಿ ನಿಂತ ಮೇಲೂ ನಾನು ಕಾದೆ. ಇಂಥ ಕೆಲಸದಲ್ಲಿ ಅವಸರ ಮಾಡಬಾರದು.

ಅದನ್ನು ತಾಡಪತ್ರಿಯಲ್ಲಿ ಸುತ್ತಿ ದೋಣಿಯಲ್ಲೇ ತಂದೆವು. ಒಣ ನೆಲ ಸಿಕ್ಕಲ್ಲಿ ಪದ್ಮಣ್ಣನೇ ತೆಗ್ಗು ತೋಡಿ ಹೂತ. ಕಾಳಜಿ ಕೇಂದ್ರದಲ್ಲಿ ತಾಯಿ ಮಗ ಇಬ್ಬರೂ ಆ ದಿನ, ಮರುದಿನ ಊಟ ಮಾಡಲಿಲ್ಲ.

ಪೂರ ಇಳಿದು, ಜನ ಮನೆಗಳ ಕೆಸರು ಬಳಿದು, ಬದುಕು ಒಂದು ನೆಲೆಗೆ ಬರುವ ಹೊತ್ತಿಗೆ ಮಾರುತಿ ನನಗೆ ಫೋನು ಮಾಡಿದ. ಬೇಗ ಬರಬೇಕೆಂದಷ್ಟೇ ಹೇಳಿದ. ಸತ್ತಿಯ ದಂಡೆಗೆ ಹೋದಾಗ ಜನ ಗುಂಪಾಗಿ ನಿಂತಿದ್ದರು. ನಡುವೆ ಹರಿದ ಬಲೆ, ಬಲೆಯೊಳಗೆ ಕಪ್ಪು ಬೆನ್ನು, ಬಿಳಿ ಪಟ್ಟೆ, ಕೆಂಪು ಬಾಲ. ನಮ್ಮದಕ್ಕಿಂತ ದೊಡ್ಡದು. ಹೊಟ್ಟೆ ಗುಂಡಗೆ ತುಂಬಿಕೊಂಡಿತ್ತು. ಹೊಳೆಯ ಮೇಲ್ಭಾಗದ ಯಾವುದೋ ಊರಿನ ಯಾವುದೋ ಮನೆಯವರು, ನದಿ ದೊಡ್ಡದಿದೆಯಲ್ಲ ಎಂದುಕೊಂಡು ಬಿಟ್ಟಿರಬೇಕು. ಅಥವಾ ಪೂರವೇ ಅವರ ತೊಟ್ಟಿಯಿಂದ ಎತ್ತಿಕೊಂಡು ಬಂದಿರಬೇಕು. ಅದು ಕೊನೆಗೂ ಗೊತ್ತಾಗಲಿಲ್ಲ.

ಪದ್ಮಣ್ಣನೂ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅದನ್ನು ನೋಡುತ್ತ ನಿಂತ. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದ. "ಹಂಗಾರ ನಾವ ಅದನ್ನ ಕೊಂದಿದ್ದು ಯಾತಕ್ಕರಿ, ಮೇಡಂ?"

ಇವತ್ತು ಈ ನೀರಿನಿಂದ ಒಂದು ಸಿಕ್ಕಿದೆ, ನೀವು ಬಿಟ್ಟಿದ್ದರೆ ಎರಡಿರುತ್ತಿದ್ದವು ಎಂದೆ. ಅವನು ನದಿಯ ಕಡೆ ನೋಡಿ, ಇನ್ನೆಷ್ಟಿವೆಯೋ ಎಂದ.

ನನ್ನ ನೌಕರಿ ಕಲಿಸಿದ್ದು ಇದನ್ನೇ. ನದಿಯಲ್ಲಿ ನಾವು ತಡೆದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ತಡೆಯದೆ ಬಿಟ್ಟದ್ದು ಮಾತ್ರ ಒಂದು ದಿನ ಬಲೆ ಹರಿದುಕೊಂಡು ಮೇಲೆ ಬರುತ್ತದೆ. ಆದರೂ ತಡೆಯಬೇಕಾಗುತ್ತದೆ, ಸಾಕ್ಷಿ ಇಲ್ಲದೆ, ಶಾಬಾಸ್‌ಗಿರಿ ಇಲ್ಲದೆ. ನಿವೃತ್ತಿಯ ನಂತರವೂ ಮಕ್ಕಳಿಗೆಂದು ಮೀನು ಕೊಳ್ಳುವವರು ನನ್ನನ್ನು ಸಲಹೆ ಕೇಳುತ್ತಾರೆ. ಅದು ಪೂರ್ತಿ ಬೆಳೆದ ದಿನ ಎಲ್ಲಿ ಇಡುತ್ತೀರಿ ಎಂದು ನಾನು ಕೇಳುತ್ತೇನೆ. ಹೆಚ್ಚಿನವರು ನಕ್ಕು, ಆಗ ನೋಡೋಣ ಬಿಡಿ, ಹೇಗೂ ಹೊಳೆ ಇದೆಯಲ್ಲ ಎನ್ನುತ್ತಾರೆ.