ದೊಡ್ಡಮ್ಮ ಬಿಚ್ಚಿದ ಎರಡು ಕೆಂಪು ಹೊಲಿಗೆ

ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ತಮ್ಮನಿಗೆ ತಂದ ಹೊಸ ಜೀನ್ಸ್ ಪ್ಯಾಂಟನ್ನು ಈಗಷ್ಟೇ ಚೀಲದಿಂದ ತೆಗೆದೆ. ನೀಲಿ ಬಣ್ಣ, ಗಂಜಿ, ಸ್ವಲ್ಪ ಮಷೀನಿನ ಎಣ್ಣೆ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಎದುರುಮನೆಯ ದೊಡ್ಡಮ್ಮನ ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು…

ಆಕೆ ನನಗೆ ರಕ್ತಸಂಬಂಧಿಯಲ್ಲ, ಕರೆದು ಕರೆದು ದೊಡ್ಡಮ್ಮ ಆದವಳು. ನಮ್ಮೂರು ರಾಯದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವ ದಾರಿಯಲ್ಲಿದೆ. ರಾಯದುರ್ಗದಿಂದ ಕತ್ತರಿಸಿದ ಜೀನ್ಸ್ ತುಂಡುಗಳು ಆಟೊದಲ್ಲಿ ಬರುತ್ತಿದ್ದವು. ದೊಡ್ಡಮ್ಮ ಮನೆಯಲ್ಲೇ ಕೂತು ಅವಕ್ಕೆ ಜೇಬು ಹಚ್ಚುತ್ತಿದ್ದಳು. ಓಣಿಯ ಅರ್ಧ ಮನೆಗಳವರು ಬಳ್ಳಾರಿಗೋ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೋಗಿದ್ದರು. ಹೆಣ್ಣುಮಕ್ಕಳು ಹೆರಿಗೆಗೆ ಮಾತ್ರ ಊರಿಗೆ ಬರುತ್ತಿದ್ದರು. ಹಾಗೆ ಬಂದವರಿಗೆಲ್ಲ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಮ್ಮ ಮಾಡುವ ಬುಧವಾರದ ತಪಾಸಣೆಯೇ ಆಸರೆ.

ಆ ಉಪಕೇಂದ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಊರಿನವರೇ ನೋಡಿ, ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಹೇಳಬೇಕೆಂದು ಒಂದು ಸಮಿತಿಯಾಯಿತು. ನಾನು ಆಗ ಡಿಗ್ರಿ ಮೊದಲ ವರ್ಷ. ತಾರೀಖು, ಗಂಟೆ ಬರೆದಿಡುವ ಚಟ ನನಗೆ ಮೊದಲಿನಿಂದಲೂ ಇದ್ದುದರಿಂದ ಸಮಿತಿಯ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಆದರೆ ಎಲ್ಲರ ಎದುರು ಓದಿ ಹೇಳಲು ಯಾರೂ ಒಪ್ಪಲಿಲ್ಲ.

“ನಾಳೆ ನನ್ ಸೊಸಿಗೆ ಸೂಜಿ ಹಾಕೋರು ಆ ನರ್ಸಮ್ಮನೇ ಅಲ್ಲೇನ್ರಿ? ನಾನೊಲ್ಲೆ,” ಎಂದರು ಒಬ್ಬರು.

“ಎಲ್ರೂ ಹಿಂಗಂದ್ರ ಹೆಂಗ? ನಾನು ಹೇಳ್ತೀನಿ ಬಿಡ್ರಿ,” ಎಂದಳು ದೊಡ್ಡಮ್ಮ. “ಆದ್ರ ಪೇಪರ್ ಹಚ್ಚಬ್ಯಾಡ್ರಿ, ಮೇಕೆ ತಿಂತಾವ. ಬಟ್ಟಿ ಮ್ಯಾಲ ಹೊಲಿತೀನಿ. ನನ್ನಂಥ ಓದಾಕ ಬರದೋರಿಗೂ ಬಣ್ಣ ಕಾಣ್ತಾವ.”

ದೊಡ್ಡಮ್ಮನ ಮನೆಯ ಗೋಡೆಗೆ ತೂಗುಹಾಕಿದ ಒಂದು ಮೊಳ ಜೀನ್ಸ್ ಬಟ್ಟೆ, ಬುಧವಾರಕ್ಕೊಂದು ಹೊಲಿಗೆ. ಬಾಗಿಲು ತೆರೆದು ತಪಾಸಣೆ ಆದರೆ ಹಸಿರು. ತೆರೆದೂ ಮಾತ್ರೆಯೋ ಬಿ.ಪಿ. ಯಂತ್ರವೋ ಇಲ್ಲದಿದ್ದರೆ ಹಳದಿ. ಬೀಗ ಬಿದ್ದಿದ್ದರೆ ಕೆಂಪು. ನಾನು ಹೋಗಿ ನೋಡಿ ಬಂದು ಹೇಳುವುದು, ಆಕೆ ಹೊಲಿಯುವುದು. “ಏನ್ ತಂದಿ ಲೆಕ್ಕದಮ್ಮ, ಇವತ್ತ ಯಾವ ದಾರ?” ಎಂದು ಬಾಗಿಲಲ್ಲೇ ಕೇಳುತ್ತಿದ್ದಳು.

ಮೂರನೆಯ ತಿಂಗಳು ಎರಡು ಹಸಿರು, ಎರಡು ಕೆಂಪು ಆದವು. ಅದೇ ತಿಂಗಳು ದೊಡ್ಡಮ್ಮನ ಮಗಳು ಚೊಚ್ಚಲ ಹೆರಿಗೆಗೆ ಬೆಂಗಳೂರಿನಿಂದ ಬಂದಿದ್ದಳು. ಸಭೆಗೆ ಒಂದು ದಿನ ಮುಂಚೆ, ಮಧ್ಯಾಹ್ನ ಮೂರೂ ಹತ್ತಕ್ಕೆ, ನರ್ಸಮ್ಮ ಮನೆಗೇ ಬಂದರು. ಮಗಳ ಬಿ.ಪಿ. ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಹೊರಡುವಾಗ ಗೋಡೆಯ ಬಟ್ಟೆಯ ಮುಂದೆ ನಿಂತರು.

“ಅಕ್ಕಾ, ಈ ಎರಡು ಕೆಂಪು ತೆಗೀರಿ. ಮ್ಯಾಲಿನೋರು ಕಾರಣ ಕೇಳಲ್ಲ, ಬಣ್ಣ ನೋಡ್ತಾರ,” ಎಂದರು. ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಸೇರಿಸಿದರು: “ಮಗಳಿಗೆ ದಿನ ಹತ್ರ ಬಂದಾವ, ನೆನಪಿರ್ಲಿ.”

ಅದು ಕಾಳಜಿಯೋ ಬೆದರಿಕೆಯೋ ನಮಗೆ ಅವತ್ತು ತಿಳಿಯಲಿಲ್ಲ. ನನಗೆ ಇವತ್ತಿಗೂ ತಿಳಿದಿಲ್ಲ. ದೊಡ್ಡಮ್ಮ ಮಷೀನಿನ ಮುಂದೆ ಕೂತು ಕತ್ತರಿ ಕೈಗೆತ್ತಿಕೊಂಡಳು. ಆಮೇಲೆ ನನ್ನನ್ನು ನೋಡಿ, “ಏನ್ ಮಾಡ್ಲೇ?” ಎಂದಳು.

“ಬಿಚ್ಚಿಬಿಡು ದೊಡ್ಡಮ್ಮಾ,” ಎಂದವಳು ನಾನೇ.

ಆಕೆ ಬಿಚ್ಚಿದಳು. ಆದರೆ ಜೀನ್ಸ್ ಬಟ್ಟೆ ಮರೆಯುವುದಿಲ್ಲ. ದಾರ ಹೋದ ಜಾಗದಲ್ಲಿ ಸಾಲಾಗಿ ತೂತುಗಳು ಉಳಿದವು, ಅವುಗಳ ನಡುವೆ ಬಣ್ಣ ಮಾಸದ ಕಡುನೀಲಿ ಗೆರೆ. ಉಗುರಿನಿಂದ ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ.

ಮರುದಿನ ಪಂಚಾಯಿತಿ ಜಗಲಿಯಲ್ಲಿ ಹದಿನೆಂಟು ಜನ ಸೇರಿದ್ದರು. ದೊಡ್ಡಮ್ಮ ಬಟ್ಟೆ ಬಿಡಿಸಿ ಮೊದಲ ಎರಡು ತಿಂಗಳು ಹೇಳಿದಳು. ಮೂರನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

“ಇಲ್ಲಿ ಎರಡು ಕೆಂಪು ಇದ್ವು ಸಾರ್. ನಾನೇ ಬಿಚ್ಚೀನಿ. ತೂತು ನೋಡ್ರಿ.”

“ಯಾಕ ಬಿಚ್ಚಿದ್ರಿ?” ಎಂದರು ಡಾಕ್ಟರು.

“ಮಗಳು ತುಂಬಿದ ಬಸುರಿ. ಅಂಜಿಕಿ ಬಂತ್ರಿ.”

“ಯಾರಾದ್ರೂ ಹೇಳಿದ್ರಾ?”

ನರ್ಸಮ್ಮ ತಲೆ ತಗ್ಗಿಸಿದ್ದರು. ನಾನು ಪುಸ್ತಕ ತಿರುವುವಂತೆ ನಟಿಸಿದೆ.

“ಯಾರೂ ಇಲ್ರಿ. ನನ್ ಕೈ, ನನ್ ಕತ್ರಿ,” ಎಂದಳು ದೊಡ್ಡಮ್ಮ.

ಡಾಕ್ಟರು ಆ ಎರಡು ಬುಧವಾರಗಳ ಬಗ್ಗೆ ನರ್ಸಮ್ಮನನ್ನು ಕೇಳಿದರು. ಪಕ್ಕದ ಊರಿಗೂ ಬುಧವಾರವೇ ಹಾಕಿದ್ದಾರೆ, ಇರುವವಳು ನಾನೊಬ್ಬಳೇ ಎಂದು ನರ್ಸಮ್ಮ ಹೇಳಿದರು. ಮುಂದಿನ ತಿಂಗಳಿಂದ ನಮ್ಮೂರಿನ ದಿನ ಗುರುವಾರವಾಯಿತು. ಆ ತೂತುಗಳನ್ನು ಮುಚ್ಚಿಟ್ಟಿದ್ದರೆ ನರ್ಸಮ್ಮನ ಈ ತೊಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ನಮ್ಮ ಭಯ ಅಲ್ಲಿಗೆ ಮುಗಿಯಲಿಲ್ಲ. ನರ್ಸಮ್ಮ ಯಾರೊಂದಿಗೂ ಮಾತಾಡದೆ ಹೋಗಿದ್ದರು. ಒಂಬತ್ತು ದಿನ ದೊಡ್ಡಮ್ಮ ಸ್ಕೂಟಿಯ ಸದ್ದು ಕೇಳಿದಾಗಲೆಲ್ಲ ನರ್ಸಮ್ಮನೇ ಬಂದರೇನೋ ಎಂದು ಮಷೀನು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಹತ್ತನೆಯ ದಿನ, ಮಧ್ಯಾಹ್ನ ಎರಡೂ ಕಾಲಿಗೆ, ಮಗಳಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ತಡವಾಗುತ್ತದೆ ಎಂದರು. ದೊಡ್ಡಮ್ಮ ಫೋನು ಹಿಡಿದು ನಿಂತೇ ಇದ್ದಳು.

“ಯಾವ ಬಾಯಿಲೆ ಕರೀಲೇ ಅವ್ರನ್ನ?”

ಫೋನು ಕಸಿದು ನಾನೇ ನರ್ಸಮ್ಮನಿಗೆ ಮಾಡಿದೆ. ‘ಹೂಂ’ ಎಂದಷ್ಟೇ ಕೇಳಿಸಿ ಕರೆ ಕಡಿಯಿತು. ಎರಡೂವರೆ… ಎರಡೂ ನಲವತ್ತು… ನಿಮಿಷ ನಿಮಿಷವೂ ಬರೆದ ಆ ಪುಟದಲ್ಲಿ ನನ್ನ ಅಕ್ಷರಗಳು ಸೊಟ್ಟಗಾಗಿವೆ. ಎರಡೂ ಐವತ್ತಕ್ಕೆ ನರ್ಸಮ್ಮ ಆಟೊ ಕರೆದುಕೊಂಡೇ ಬಂದರು.

“ನನ್ ಮರ್ಯಾದಿಗೆ ತೂತು ಹಾಕಿದ ಕೈ ಎಲ್ಲೈತಿ?” ಎಂದರು ಒಳಗೆ ಬರುತ್ತಲೇ. “ಬರ್ರಿ ಅಕ್ಕಾ, ಆ ಕಡಿಂದ ಮಗಳನ್ನ ಹಿಡ್ಕೊರ್ರಿ.”

ಸಂಜೆ ಐದೂ ನಲವತ್ತಕ್ಕೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ದೊಡ್ಡಮ್ಮ ನರ್ಸಮ್ಮನ ಕೈ ಹಿಡಿದು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರು ತಿಂಗಳಾದ ಮೇಲೆ ಮಗಳು ಗಾರ್ಮೆಂಟ್ಸಿಗೆ ಮರಳಿದಳು. ಕೂಸನ್ನು ನೋಡಿಕೊಳ್ಳಲು ದೊಡ್ಡಮ್ಮನೂ ಮನೆಗೆ ಬೀಗ ಹಾಕಿ ಹೊರಟಳು. ಕೆಲವು ತಿಂಗಳು ಫೋನು ಸಿಗುತ್ತಿತ್ತು, ಆಮೇಲೆ ಅದೂ ನಿಂತಿತು. ಅವರು ಬೆಂಗಳೂರು ಬಿಟ್ಟು ಮಡಕಶಿರಾ ಕಡೆ ಬಂದಿದ್ದಾರೆ ಎಂದು ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು, ದೊಡ್ಡಮ್ಮ ತೀರಿಹೋಗಿ ವರ್ಷವಾಯಿತಲ್ಲ ಎಂದರು… ಎರಡನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಯಾವುದನ್ನೂ ಹೊಡೆದುಹಾಕುವ ಧೈರ್ಯ ನನಗಿಲ್ಲ.

ಆ ಸಭೆಯ ದಿನದ ಪುಟದಲ್ಲಿ ‘ದೊಡ್ಡಮ್ಮ ತಪ್ಪು ಒಪ್ಪಿಕೊಂಡಳು’ ಎಂದು ಬರೆದಿದ್ದೇನೆ. ಬಿಚ್ಚು ಎಂದವಳು ನಾನು ಎಂದು ಬರೆದಿಲ್ಲ. ಆಕೆ ಊರಲ್ಲಿದ್ದ ಮೂರು ತಿಂಗಳೂ ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೀನ್ಸಿಗೆ ಜೇಬು ಹಚ್ಚುತ್ತಿದ್ದ, ಮೊಮ್ಮಗಳನ್ನು ಕಂಕುಳಲ್ಲಿಟ್ಟು ಊರು ಬಿಟ್ಟ ಈ ಹೆಂಗಸಿನ ಸುದ್ದಿ ಯಾರಿಗಾದರೂ ತಿಳಿದಿದ್ದರೆ ಒಂದು ಸಾಲು ಬರೆಯಿರಿ. ಇದ್ದರೆ ಊರಿನ ಹೆಸರು ಸಾಕು, ನಾನೇ ಹೋಗುತ್ತೇನೆ. ಇಲ್ಲವಾಗಿದ್ದರೆ, ಆ ಮೊಮ್ಮಗಳು ಎಲ್ಲಿದ್ದಾಳೆ ಎಂದಾದರೂ ತಿಳಿಸಿ. ಅವಳಜ್ಜಿ ಯಾರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು ಎಂದು ಅವಳಿಗೆ ನಾನೇ ಹೇಳಬೇಕು.